ಬಾನೆಟ್ಟಿನ ಭಾರ, ಅನಿಲದ ಆಸರೆ

ಕಾರಿನ ಎಂಜಿನ್ನನ್ನು ಮುಚ್ಚಿರುವ ತಗಡಿನ ಹೊದಿಕೆಗೆ ಬಾನೆಟ್ ಎಂದು ಹೆಸರು. ಎಂಜಿನ್ ಆಯಿಲ್‌ನ ಮಟ್ಟ ನೋಡಬೇಕಾದರೆ, ಬ್ಯಾಟರಿಯ ತುದಿಗಳನ್ನು ಒರೆಸಬೇಕಾದರೆ, ಗಾಜು ತೊಳೆಯುವ ನೀರನ್ನು ತುಂಬಬೇಕಾದರೆ ಇದನ್ನು ಎತ್ತಲೇಬೇಕು. ಎತ್ತಿದ ಬಾನೆಟ್ ಕೆಳಗೆ ಬೀಳದಂತೆ ತಡೆಯಲು ಅನೇಕ ಕಾರುಗಳಲ್ಲಿ ಒಂದು ಸಣ್ಣ ಉಕ್ಕಿನ ಕಡ್ಡಿ ಇರುತ್ತದೆ. ಮೆಕ್ಯಾನಿಕ್‌ಗಳು ಇದನ್ನು ಸ್ಟೇ ರಾಡ್ ಎನ್ನುತ್ತಾರೆ. ಒಂದು ಕೈಯಲ್ಲಿ ಬಾನೆಟ್ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಈ ಕಡ್ಡಿಯನ್ನು ಅದರ ರಂಧ್ರಕ್ಕೆ ಸಿಕ್ಕಿಸಬೇಕು.

ಬೇರೆ ಕೆಲವು ಕಾರುಗಳಲ್ಲಿ ಈ ಕಡ್ಡಿ ಇರುವುದಿಲ್ಲ. ಬಾನೆಟ್ಟನ್ನು ಅರ್ಧಕ್ಕೆ ಎತ್ತಿದರೆ ಸಾಕು, ಉಳಿದರ್ಧ ತಾನಾಗಿಯೇ ಮೇಲೇರಿ ನಿಧಾನವಾಗಿ ನಿಲ್ಲುತ್ತದೆ. ಇಕ್ಕೆಲಗಳಲ್ಲಿರುವ ಎರಡು ಕಪ್ಪು ಕೊಳವೆಗಳು ಈ ಕೆಲಸ ಮಾಡುತ್ತವೆ. ಇವುಗಳಿಗೆ ಅನಿಲ ಸ್ಪ್ರಿಂಗ್, ಗ್ಯಾಸ್ ಸ್ಟ್ರಟ್, ಬಾನೆಟ್ ಡ್ಯಾಂಪರ್ ಎಂಬ ಹೆಸರುಗಳಿವೆ. ಕಾರಿನೊಡನೆ ಬಾರದಿದ್ದರೂ ಇವನ್ನು ಬಿಡಿಭಾಗದ ಅಂಗಡಿಯಿಂದ ತಂದು ಜೋಡಿಸಿಕೊಳ್ಳಬಹುದು.

ನೋಡುವುದಕ್ಕೆ ಇದು ನಾಲ್ಕು ಬೋಲ್ಟುಗಳ ಕೆಲಸ. ಆದರೆ ತಪ್ಪು ಅಳತೆಯ ಸ್ಪ್ರಿಂಗ್ ಜೋಡಿಸಿದರೆ ಬಾನೆಟ್ ತಲೆಯ ಮೇಲೆ ಬೀಳಬಹುದು ಅಥವಾ ತಗಡು ಸೊಟ್ಟಗಾಗಬಹುದು. "ಹೆಚ್ಚು ಬಲದ್ದು ಕೊಂಡರೆ ಒಳ್ಳೆಯದಲ್ಲವೇ?" ಎಂದು ಹಲವರು ಕೇಳುವುದುಂಟು. ಅಲ್ಲ. ಏಕೆ ಅಲ್ಲ ಎಂಬುದಕ್ಕೆ ಉತ್ತರ ನಿಮ್ಮ ಶಾಲೆಯ ಭೌತಶಾಸ್ತ್ರದ ಪುಸ್ತಕದಲ್ಲೇ ಇದೆ. ಬಾಯ್ಲ್‌ನ ನಿಯಮ ಮತ್ತು ಸನ್ನೆಯ ತತ್ತ್ವ, ಇವೆರಡು ತಿಳಿದಿದ್ದರೆ ಸಾಕು.

ಕೊಳವೆಯೊಳಗೆ ಏನಿದೆ?

ಅನಿಲ ಸ್ಪ್ರಿಂಗ್‌ನಲ್ಲಿ ಮುಖ್ಯವಾಗಿ ನಾಲ್ಕು ಭಾಗಗಳಿವೆ: ಎಲ್ಲ ಕಡೆ ಮುಚ್ಚಿದ ಉಕ್ಕಿನ ಕೊಳವೆ, ಅದರೊಳಗೆ ಜಾರುವ ಪಿಸ್ಟನ್, ಪಿಸ್ಟನ್ನಿಗೆ ಅಂಟಿಕೊಂಡು ಹೊರಗೆ ಚಾಚಿರುವ ನುಣುಪಾದ ದಂಡ, ಮತ್ತು ಆ ದಂಡ ಹೊರಬರುವ ಬಾಯಿಯಲ್ಲಿ ಅನಿಲ ಸೋರದಂತೆ ತಡೆಯುವ ರಬ್ಬರಿನ ಸೀಲ್. ಕೊಳವೆಯೊಳಗೆ ಅಧಿಕ ಒತ್ತಡದಲ್ಲಿ ಸಾರಜನಕವನ್ನು ತುಂಬಿರುತ್ತಾರೆ. ಜೊತೆಗೆ ಸ್ವಲ್ಪ ಎಣ್ಣೆಯೂ ಇರುತ್ತದೆ.

ಸಾರಜನಕವೇ ಏಕೆ? ಅದು ಸುಲಭವಾಗಿ ಬೇರೆ ವಸ್ತುಗಳೊಡನೆ ಸಂಯೋಗ ಹೊಂದುವುದಿಲ್ಲ, ಉರಿಯುವುದಿಲ್ಲ, ಉಕ್ಕಿಗೆ ತುಕ್ಕು ಹಿಡಿಸುವುದಿಲ್ಲ. ನಾವು ಉಸಿರಾಡುವ ಗಾಳಿಯಲ್ಲಿ ಶೇಕಡ 78 ಭಾಗ ಅದೇ ಇರುವುದರಿಂದ ಬೆಲೆಯೂ ಕಡಿಮೆ.

ಇಲ್ಲಿ ಒಂದು ಸ್ವಾರಸ್ಯವಿದೆ. ಪಿಸ್ಟನ್ನಿನಲ್ಲಿ ಸಣ್ಣ ರಂಧ್ರವಿರುವುದರಿಂದ ಅನಿಲ ಅದರ ಎರಡೂ ಬದಿಗೆ ಹರಿದು, ಎರಡೂ ಕಡೆ ಒತ್ತಡ ಒಂದೇ ಆಗಿರುತ್ತದೆ. ಹಾಗಿದ್ದರೆ ದಂಡ ಹೊರಗೆ ತಳ್ಳಲ್ಪಡುವುದು ಹೇಗೆ? ಪಿಸ್ಟನ್ನಿನ ಒಂದು ಬದಿಯಲ್ಲಿ ದಂಡವು ಸ್ವಲ್ಪ ಜಾಗವನ್ನು ಆಕ್ರಮಿಸಿಕೊಂಡಿದೆ. ಆ ಬದಿಯಲ್ಲಿ ಅನಿಲ ಒತ್ತುವ ಕ್ಷೇತ್ರಫಲ ಅಷ್ಟು ಕಡಿಮೆ. ಇನ್ನೊಂದು ಬದಿಯಲ್ಲಿ ಪೂರ್ತಿ ಕ್ಷೇತ್ರಫಲದ ಮೇಲೆ ಅನಿಲ ಒತ್ತುತ್ತದೆ. ಈ ವ್ಯತ್ಯಾಸವೇ ದಂಡವನ್ನು ಹೊರಗೆ ತಳ್ಳುವ ಬಲ. ಆದುದರಿಂದ ಸ್ಪ್ರಿಂಗ್‌ನ ಬಲವೆಂದರೆ ಒತ್ತಡ ಮತ್ತು ದಂಡದ ಅಡ್ಡಕೊಯ್ತದ ಕ್ಷೇತ್ರಫಲ, ಇವೆರಡರ ಗುಣಲಬ್ಧ.

8 ಮಿಲಿಮೀಟರ್ ವ್ಯಾಸದ ದಂಡದ ಅಡ್ಡಕೊಯ್ತ ಸುಮಾರು ಅರ್ಧ ಚದರ ಸೆಂಟಿಮೀಟರ್. ಇದರಿಂದ 150 ನ್ಯೂಟನ್ ಬಲ ಬರಬೇಕಾದರೆ ಒಳಗಿನ ಒತ್ತಡ ವಾತಾವರಣದ ಒತ್ತಡದ ಸುಮಾರು 30 ಪಟ್ಟು ಇರಬೇಕು. ಕಾರಿನ ಟೈರಿನಲ್ಲಿ ನಾವು ತುಂಬಿಸುವುದು ಸುಮಾರು 2 ಪಟ್ಟು ಮಾತ್ರ. ಬೆರಳು ಗಾತ್ರದ ಈ ಕೊಳವೆಯನ್ನು ಏಕೆ ಹಗುರವಾಗಿ ಕಾಣಬಾರದು ಎಂಬುದು ಇದರಿಂದಲೇ ತಿಳಿಯುತ್ತದೆ.

ಇನ್ನು ಎಣ್ಣೆಯ ಪಾತ್ರ. ಅದು ಸೀಲನ್ನು ಒದ್ದೆಯಾಗಿಟ್ಟು ಅನಿಲ ಸೋರದಂತೆ ಕಾಯುತ್ತದೆ. ಬಾನೆಟ್ ಪೂರ್ತಿ ತೆರೆಯುವ ಹಂತದಲ್ಲಿ ಪಿಸ್ಟನ್ ಈ ಎಣ್ಣೆಯೊಳಗೆ ಸಾಗಬೇಕಾಗುತ್ತದೆ. ಸಣ್ಣ ರಂಧ್ರದಲ್ಲಿ ಅನಿಲದಷ್ಟು ಸರಾಗವಾಗಿ ಎಣ್ಣೆ ಹರಿಯುವುದಿಲ್ಲ. ಹೀಗಾಗಿ ವೇಗ ತಗ್ಗಿ ಬಾನೆಟ್ ಮೆಲ್ಲನೆ ನಿಲ್ಲುತ್ತದೆ. ಡ್ಯಾಂಪರ್ ಎಂಬ ಹೆಸರು ಬಂದಿರುವುದು ಈ ಗುಣದಿಂದ.

ಐರ್ಲೆಂಡಿನಲ್ಲಿ ಹುಟ್ಟಿದ ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ ನಿಯಮವನ್ನು ನೀವು ಓದಿದ್ದೀರಿ. ಉಷ್ಣತೆ ಬದಲಾಗದಿದ್ದಾಗ ಅನಿಲದ ಗಾತ್ರ ಕುಗ್ಗಿದಷ್ಟೂ ಅದರ ಒತ್ತಡ ಏರುತ್ತದೆ. ಬಾನೆಟ್ ಮುಚ್ಚುವಾಗ ದಂಡ ಒಳಸರಿದು ಅನಿಲದ ಜಾಗವನ್ನು ಕಸಿದುಕೊಳ್ಳುತ್ತದೆ. 40 ಘನ ಸೆಂಟಿಮೀಟರ್ ಇದ್ದ ಅನಿಲ 30ಕ್ಕೆ ಕುಗ್ಗಿತೆಂದರೆ ಬಲ ಮೂರನೆಯ ಒಂದು ಭಾಗದಷ್ಟು ಹೆಚ್ಚುತ್ತದೆ. 150 ನ್ಯೂಟನ್ ಇದ್ದದ್ದು 200 ನ್ಯೂಟನ್ ಆಗುತ್ತದೆ.

ಹಾಗಾದರೆ ಬಾನೆಟ್ಟನ್ನು ಎತ್ತುವ ಶಕ್ತಿ ಪುಕ್ಕಟೆಯಾಗಿ ಬಂದಿತೇ? ಇಲ್ಲ. ಬಾನೆಟ್ ಕೆಳಗಿಳಿಯುವಾಗ ಅದರ ತೂಕವೂ ನಿಮ್ಮ ಕೈಯೂ ಸೇರಿ ಅನಿಲವನ್ನು ಅದುಮಿರುತ್ತವೆ. ಆಗ ಕೂಡಿಟ್ಟ ಶಕ್ತಿಯನ್ನೇ ಅನಿಲವು ಮುಂದಿನ ಸಲ ಹಿಂದಿರುಗಿಸುತ್ತದೆ.

ಜರ್ಮನಿಯ ಕೋಬ್ಲೆಂಝ್ ನಗರದ ಸ್ಟಾಬಿಲಸ್ ಸಂಸ್ಥೆ 1962ರಲ್ಲಿ ಇಂಥ ಸ್ಪ್ರಿಂಗ್‌ಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಲಾರಂಭಿಸಿತು. ಇಂದು ಕಾರುಗಳ ಹಿಂಬಾಗಿಲು, ಬಸ್ಸಿನ ಲಗೇಜು ಪೆಟ್ಟಿಗೆಯ ಮುಚ್ಚಳ, ಕಚೇರಿಯ ತಿರುಗುಕುರ್ಚಿ ಇವುಗಳಲ್ಲೆಲ್ಲ ಅನಿಲ ಸ್ಪ್ರಿಂಗ್‌ಗಳನ್ನು ಕಾಣಬಹುದು.

ಸನ್ನೆಯ ಲೆಕ್ಕ

ಬಾನೆಟ್ ಒಂದು ಸನ್ನೆ. ಅದರ ಆಧಾರಬಿಂದು ಗಾಜಿನ ಕಡೆಗಿರುವ ಕೀಲು. ಭಾರ ಕೆಳಕ್ಕೆ ಎಳೆಯುತ್ತದೆ, ಸ್ಪ್ರಿಂಗ್ ಮೇಲಕ್ಕೆ ತಳ್ಳುತ್ತದೆ. ಗೆಲ್ಲುವವರು ಯಾರು ಎಂಬುದನ್ನು ನಿರ್ಧರಿಸುವುದು ಬರಿಯ ಬಲವಲ್ಲ, ತಿರುಗುಬಲ. ಬಲವನ್ನು, ಕೀಲಿನಿಂದ ಆ ಬಲದ ರೇಖೆಗೆ ಇರುವ ಲಂಬ ದೂರದಿಂದ ಗುಣಿಸಿದರೆ ತಿರುಗುಬಲ ಸಿಗುತ್ತದೆ. ಪುಸ್ತಕಗಳಲ್ಲಿ ಇದನ್ನೇ ಟಾರ್ಕ್ ಎನ್ನುತ್ತಾರೆ. ಬಾಗಿಲನ್ನು ಕೀಲಿನ ಪಕ್ಕದಲ್ಲಿ ತಳ್ಳುವುದು ಕಷ್ಟ, ಹಿಡಿಯ ಹತ್ತಿರ ತಳ್ಳುವುದು ಸುಲಭ ಎಂಬುದು ನಿಮಗೆ ಗೊತ್ತೇ ಇದೆ.

ಉದಾಹರಣೆಗೆ ಒಂದು ಬಾನೆಟ್ಟನ್ನು ಊಹಿಸಿಕೊಳ್ಳೋಣ. ಅದರ ರಾಶಿ 15 ಕಿಲೋಗ್ರಾಂ, ಅಂದರೆ ತೂಕ ಸುಮಾರು 150 ನ್ಯೂಟನ್. ಕೀಲಿನಿಂದ ಮುಂದಿನ ಅಂಚಿನವರೆಗೆ ಉದ್ದ 1 ಮೀಟರ್. ಗುರುತ್ವಕೇಂದ್ರ ನಡುವಿನಲ್ಲಿ, ಅರ್ಧ ಮೀಟರ್ ದೂರದಲ್ಲಿದೆ.

ಮುಚ್ಚಿದ್ದಾಗ ಬಾನೆಟ್ ಹೆಚ್ಚುಕಡಿಮೆ ಅಡ್ಡವಾಗಿರುತ್ತದೆ. ಆಗ ಭಾರದ ತಿರುಗುಬಲ 150 x 0.5, ಅಂದರೆ 75 ನ್ಯೂಟನ್-ಮೀಟರ್. 50 ಡಿಗ್ರಿ ಕೋನಕ್ಕೆ ತೆರೆದಾಗ ಗುರುತ್ವಕೇಂದ್ರವು ಕೀಲಿನ ಕಡೆಗೆ ಸರಿದಂತಾಗಿ, ತಿರುಗುಬಲ 48ಕ್ಕೆ ಇಳಿಯುತ್ತದೆ. ಇದು 75ನ್ನು ಆ ಕೋನದ ಕೊಸೈನ್‌ನಿಂದ ಗುಣಿಸಿದಾಗ ಬರುವ ಮೊತ್ತ.

ಈಗ ಎರಡು ಸ್ಪ್ರಿಂಗ್‌ಗಳನ್ನು ಜೋಡಿಸೋಣ. ಒಂದೊಂದರ ಬಲ 150 ನ್ಯೂಟನ್. ಬಾನೆಟ್ ತೆರೆದಿರುವಾಗ ಅವು ಓರೆಯಾಗಿ ಎದ್ದು ನಿಂತಿರುತ್ತವೆ. ಕೀಲಿನಿಂದ ಅವುಗಳ ರೇಖೆಗೆ ಇರುವ ಲಂಬ ದೂರ 20 ಸೆಂಟಿಮೀಟರ್ ಎನ್ನೋಣ. ತಿರುಗುಬಲ 300 x 0.20, ಅಂದರೆ 60. ಭಾರದ 48ಕ್ಕಿಂತ ಇದು ಹೆಚ್ಚು. ಬಾನೆಟ್ ಭದ್ರವಾಗಿ ನಿಲ್ಲುತ್ತದೆ. ಮುಚ್ಚಬೇಕಾದಾಗ ಮುಂದಿನ ಅಂಚನ್ನು ಸುಮಾರು 12 ನ್ಯೂಟನ್ ಬಲದಿಂದ ಕೆಳಗೆಳೆದರೆ ಸಾಕು. ಸುಮಾರು ಒಂದು ಕಿಲೋ ಸಕ್ಕರೆಯ ಪೊಟ್ಟಣದ ತೂಕದಷ್ಟು ಅದು.

ಮುಚ್ಚಿದಾಗ ಏನಾಗುತ್ತದೆ? ಸ್ಪ್ರಿಂಗ್‌ಗಳ ಒಟ್ಟು ಬಲ 400 ನ್ಯೂಟನ್ನಿಗೆ ಏರಿದೆ. ಆದರೆ ಅವು ಬಾನೆಟ್ಟಿಗೆ ಬಹುತೇಕ ಸಮಾಂತರವಾಗಿ ಮಲಗಿಕೊಂಡಿವೆ. ಲಂಬ ದೂರ 4 ಸೆಂಟಿಮೀಟರಿಗೆ ಇಳಿದಿದೆ. ತಿರುಗುಬಲ ಬರಿಯ 16. ಭಾರದ 75ರ ಮುಂದೆ ಇದು ಏನೇನೂ ಅಲ್ಲ. ಬಾನೆಟ್ ತನ್ನ ತೂಕದಿಂದಲೇ ಮುಚ್ಚಿಕೊಂಡಿರುತ್ತದೆ. ಇವೆರಡು ಸ್ಥಿತಿಗಳ ನಡುವೆ ಎಲ್ಲೋ ಒಂದೆಡೆ ಎರಡೂ ತಿರುಗುಬಲಗಳು ಸಮನಾಗುತ್ತವೆ. ಅದಕ್ಕಿಂತ ಮೇಲೆ ಎತ್ತಿದರೆ ಬಾನೆಟ್ ತಾನಾಗಿ ಏರುತ್ತದೆ, ಕೆಳಗೆ ತಂದರೆ ತಾನಾಗಿ ಇಳಿಯುತ್ತದೆ.

ಜಾಣತನವಿರುವುದು ಇಲ್ಲೇ. ಅದೇ ಸ್ಪ್ರಿಂಗ್ ಮುಚ್ಚಿದಾಗ ಸುಮ್ಮನಿರುತ್ತದೆ, ತೆರೆದಾಗ ಕೆಲಸ ಮಾಡುತ್ತದೆ. ಅದು ಎಷ್ಟು ಬಲವಾಗಿ ತಳ್ಳುತ್ತದೆ ಎಂಬುದರಷ್ಟೇ, ಎಲ್ಲಿ ನಿಂತು ತಳ್ಳುತ್ತದೆ ಎಂಬುದೂ ಮುಖ್ಯ.

ಬಲ ಹೆಚ್ಚಾದರೆ ಏನು ತೊಂದರೆ?

ಇದೇ ಬಾನೆಟ್ಟಿಗೆ 400 ನ್ಯೂಟನ್ನಿನ ಎರಡು ಸ್ಪ್ರಿಂಗ್ ಹಾಕಿದೆವೆನ್ನಿ. ತೆರೆದಾಗ ಅವುಗಳ ತಿರುಗುಬಲ 160. ಭಾರದ 48 ಕಳೆದರೆ 112 ಉಳಿಯಿತು. ಮುಚ್ಚಲು ಮುಂದಿನ ಅಂಚನ್ನು 11 ಕಿಲೋಗ್ರಾಂ ತೂಕದಷ್ಟು ಬಲದಿಂದ ಒತ್ತಬೇಕು. ಮುಂದೆ ಕೈ ಕೆಳಕ್ಕೆ ಒತ್ತುತ್ತಿದೆ, ನಡುವೆ ಸ್ಪ್ರಿಂಗ್ ಮೇಲಕ್ಕೆ ಒತ್ತುತ್ತಿದೆ, ಹಿಂದೆ ಕೀಲು ಹಿಡಿದುಕೊಂಡಿದೆ. ಇವುಗಳ ಮಧ್ಯೆ ಸಿಕ್ಕಿಕೊಂಡಿರುವುದು ತೆಳುವಾದ ತಗಡು. ಪದೇ ಪದೇ ಹೀಗಾದರೆ ಸ್ಪ್ರಿಂಗ್ ತಾಗುವ ಕಡೆ ತಗಡು ಬಾಗುತ್ತದೆ, ಕೀಲಿನ ಬೋಲ್ಟುಗಳು ಸಡಿಲಗೊಳ್ಳುತ್ತವೆ, ಬಾನೆಟ್ಟಿನ ಅಂಚು ಪಕ್ಕದ ಮಡ್‌ಗಾರ್ಡಿಗೆ ಸರಿಯಾಗಿ ಕೂರುವುದಿಲ್ಲ.

ಜೋಡಿಸಿದ ಸ್ಥಳವೂ ತಪ್ಪಾಗಿ, ಮುಚ್ಚಿದಾಗಿನ ಲಂಬ ದೂರ 4ರ ಬದಲು 8 ಸೆಂಟಿಮೀಟರ್ ಆಯಿತೆನ್ನಿ. ಆಗ ಮುಚ್ಚಿದ ಸ್ಥಿತಿಯಲ್ಲೂ ಸ್ಪ್ರಿಂಗ್‌ಗಳ ತಿರುಗುಬಲ ಸುಮಾರು 85. ಭಾರದ 75ನ್ನು ಅದು ಮೀರಿಸಿತು! ಅಂದರೆ ಕಾರು ಓಡುತ್ತಿರುವಾಗಲೂ ಬಾನೆಟ್ ಮೇಲೇಳಲು ಹವಣಿಸುತ್ತಲೇ ಇರುತ್ತದೆ. ಅದನ್ನು ತಡೆದಿರುವುದು ಮುಂದಿನ ಕೊಂಡಿಯೊಂದೇ. ಹೆದ್ದಾರಿಯಲ್ಲಿ ಕೊಂಡಿ ಬಿಟ್ಟುಕೊಂಡರೆ ಎದುರುಗಾಳಿ ಬಾನೆಟ್ಟನ್ನು ಎತ್ತಿ ಗಾಜಿನ ಮೇಲೆ ಅಪ್ಪಳಿಸುತ್ತದೆ. ಚಾಲಕನಿಗೆ ರಸ್ತೆಯೇ ಕಾಣದಂತಾಗುತ್ತದೆ.

ಬಲ ಕಡಿಮೆಯಾದರೆ ಅಪಾಯ ಇನ್ನೊಂದು ಬಗೆಯದು. ಎರಡರಲ್ಲಿ ಒಂದು ಸ್ಪ್ರಿಂಗ್‌ನ ಅನಿಲ ಸೋರಿಹೋಯಿತೆನ್ನೋಣ. ತೆರೆದಾಗ ಉಳಿಯುವ ತಿರುಗುಬಲ 30 ಮಾತ್ರ, ಬೇಕಾದದ್ದು 48. ಬಾನೆಟ್ ಕೆಳಗಿಳಿಯತೊಡಗುತ್ತದೆ. ಇಳಿದಂತೆಲ್ಲ ಭಾರದ ಪಾಲು ಹೆಚ್ಚಿ, ಸ್ಪ್ರಿಂಗ್‌ನ ಪಾಲು ಕುಗ್ಗಿ, ವೇಗ ಏರುತ್ತದೆ. ಎಂಜಿನ್ನಿನ ಮೇಲೆ ಬಗ್ಗಿದವರ ತಲೆಗೆ ಪೆಟ್ಟು ಖಂಡಿತ. ಆದುದರಿಂದಲೇ ಸ್ಪ್ರಿಂಗ್‌ಗಳನ್ನು ಜೋಡಿಯಾಗಿಯೇ ಬದಲಿಸಬೇಕು. ಮತ್ತು ಹಳೆಯ ಸ್ಟೇ ರಾಡನ್ನು ಕಿತ್ತು ಬಿಸಾಡಬಾರದು. ಬಾನೆಟ್ಟಿನ ಕೆಳಗೆ ಹೆಚ್ಚು ಹೊತ್ತು ಕೆಲಸವಿದ್ದಾಗ ಅದನ್ನೂ ಸಿಕ್ಕಿಸಿಕೊಳ್ಳುವುದು ಕ್ಷೇಮ.

ಚಳಿ, ಬಿಸಿಲು, ಇಳಿಜಾರು

ಸ್ಪ್ರಿಂಗ್‌ನ ಕೊಳವೆಯ ಮೇಲೆ ಅದರ ಬಲವನ್ನು ನ್ಯೂಟನ್‌ಗಳಲ್ಲಿ ನಮೂದಿಸಿರುತ್ತಾರೆ. ಸಾಮಾನ್ಯವಾಗಿ ಇದು 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ದಂಡ ಚಾಚಿರುವಾಗ ಅಳೆದ ಬಲ. ಉಷ್ಣತೆ ಬದಲಾದರೆ ಬಲವೂ ಬದಲಾಗುತ್ತದೆ. ಗಾತ್ರ ಬದಲಾಗದಿದ್ದಾಗ ಅನಿಲದ ಒತ್ತಡ ಅದರ ನಿರಪೇಕ್ಷ ಉಷ್ಣತೆಗೆ ಅನುಪಾತದಲ್ಲಿರುತ್ತದೆ. 20 ಡಿಗ್ರಿ ಎಂದರೆ 293 ಕೆಲ್ವಿನ್. ರಾಯಚೂರಿನ ಬೇಸಿಗೆಯಲ್ಲಿ ದೂರ ಪ್ರಯಾಣ ಮಾಡಿ ಬಂದ ಕಾರಿನ ಎಂಜಿನ್ ಕೋಣೆ 60 ಡಿಗ್ರಿ, ಅಂದರೆ 333 ಕೆಲ್ವಿನ್ ಇದೆಯೆನ್ನಿ. ಸ್ಪ್ರಿಂಗ್‌ನ ಬಲ ಸುಮಾರು ಶೇಕಡ 14ರಷ್ಟು ಹೆಚ್ಚಿರುತ್ತದೆ. 5 ಡಿಗ್ರಿಯ ಚಳಿಯಲ್ಲಿ ಅದು ಶೇಕಡ 5ರಷ್ಟು ಕಡಿಮೆಯಾಗುತ್ತದೆ.

ನಮ್ಮ ಉದಾಹರಣೆಯಲ್ಲಿ 60 ಇದ್ದ ತಿರುಗುಬಲ ಆ ಚಳಿಯಲ್ಲಿ 57 ಆಗುತ್ತದೆ. ಅದೇ ಹೊತ್ತಿನಲ್ಲಿ ಕಾರು ಘಟ್ಟದ ರಸ್ತೆಯಲ್ಲಿ ಮೂತಿ ಕೆಳಗಾಗಿ 5 ಡಿಗ್ರಿ ಇಳಿಜಾರಿನಲ್ಲಿ ನಿಂತಿದ್ದರೆ, ಬಾನೆಟ್ಟಿನ ನಿಜವಾದ ಕೋನ 45 ಡಿಗ್ರಿ ಮಾತ್ರ. ಭಾರದ ತಿರುಗುಬಲ 53ಕ್ಕೆ ಏರುತ್ತದೆ. ಆಗಲೂ 57 ಗೆಲ್ಲುತ್ತದೆ, ಆದರೆ ಸ್ವಲ್ಪದರಲ್ಲಿ. ಸ್ಪ್ರಿಂಗ್ ಆರಿಸುವಾಗ ಲೆಕ್ಕಕ್ಕಿಂತ ತುಸು ಹೆಚ್ಚಿನ ಬಲವಿರಲಿ ಎನ್ನುವುದು ಇದಕ್ಕಾಗಿ. ತುಸು ಹೆಚ್ಚು ಎಂದರೆ ಕಾಲು ಭಾಗದಷ್ಟು, ಎರಡು ಪಟ್ಟಲ್ಲ.

ಜೋಡಿಸುವ ಕ್ರಮ

ನಿಮ್ಮ ಕಾರಿನ ಮಾದರಿಗೆಂದೇ ತಯಾರಾದ ಜೋಡಿಯನ್ನೇ ಕೊಳ್ಳಿ. ಅದರಲ್ಲಿ ಎರಡು ಸ್ಪ್ರಿಂಗ್, ಬಾನೆಟ್ಟಿಗೆ ಮತ್ತು ಕಾರಿನ ಒಡಲಿಗೆ ಕೂರಿಸುವ ಪಟ್ಟಿಗಳು, ಗುಂಡು ತಲೆಯ ಬೋಲ್ಟುಗಳು ಇರುತ್ತವೆ. ಕಾರಿಗೆ ವಾರಂಟಿ ಇದ್ದರೆ ಮೊದಲು ಸರ್ವೀಸ್ ಕೇಂದ್ರದಲ್ಲಿ ವಿಚಾರಿಸಿ. ಪಾದಚಾರಿಗೆ ಡಿಕ್ಕಿಯಾದಾಗ ತಲೆಗೆ ಪೆಟ್ಟು ತಗ್ಗಿಸಲು ಬಾನೆಟ್ ತಾನಾಗಿ ತುಸು ಮೇಲೇಳುವ ವ್ಯವಸ್ಥೆ ಕೆಲವು ಕಾರುಗಳಲ್ಲಿದೆ. ಅಂಥವುಗಳಿಗೆ ಹೊರಗಿನ ಸ್ಪ್ರಿಂಗ್ ಹಾಕುವ ಗೋಜಿಗೇ ಹೋಗಬಾರದು. ಕೆಲಸವನ್ನು ತಿಳಿದ ಹಿರಿಯರೊಬ್ಬರ ಜೊತೆಯಲ್ಲಿಯೇ ಮಾಡಿ.

1. ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಹಾಕಿ. ಎಂಜಿನ್ ತಣ್ಣಗಾಗಲಿ. ಬಾನೆಟ್ಟಿಗೆ ಸ್ಟೇ ರಾಡ್ ಸಿಕ್ಕಿಸಿ. ಇನ್ನೊಬ್ಬರು ಬಾನೆಟ್ಟನ್ನು ಹಿಡಿದುಕೊಂಡಿರಲಿ.

2. ಒಳ್ಳೆಯ ಜೋಡಿಗಳ ಪಟ್ಟಿಗಳು ಕಾರಿನಲ್ಲಿ ಈಗಾಗಲೇ ಇರುವ ಬೋಲ್ಟುಗಳಿಗೇ ಹೊಂದುತ್ತವೆ. ತಗಡಿಗೆ ಹೊಸ ತೂತು ಕೊರೆಯಬೇಡಿ. ಕೊರೆದ ಜಾಗದಲ್ಲಿ ಬಣ್ಣ ಹೋಗಿ ತುಕ್ಕು ಹಿಡಿಯುತ್ತದೆ.

3. ಕೀಲಿನ ಬೋಲ್ಟುಗಳನ್ನು ಒಮ್ಮೆಗೇ ಎಲ್ಲವನ್ನೂ ಬಿಚ್ಚಬೇಡಿ. ಒಂದನ್ನು ಬಿಚ್ಚಿ, ಪಟ್ಟಿ ಕೂರಿಸಿ, ಬಿಗಿದ ಮೇಲೆ ಇನ್ನೊಂದಕ್ಕೆ ಹೋಗಿ. ಇಲ್ಲವಾದರೆ ಬಾನೆಟ್ ಜಾರಿ ಅದರ ಜೋಡಣೆ ಕೆಡುತ್ತದೆ.

4. ಸ್ಪ್ರಿಂಗ್‌ನ ತೆಳು ದಂಡ ಕೆಳಗೆ, ದಪ್ಪ ಕೊಳವೆ ಮೇಲೆ ಬರುವಂತೆ ಕೂರಿಸಿ. ಆಗ ಎಣ್ಣೆ ಸೀಲಿನ ಕಡೆ ನಿಂತು ಅದನ್ನು ಒದ್ದೆಯಾಗಿಡುತ್ತದೆ. ತುದಿಯನ್ನು ಗುಂಡು ತಲೆಯ ಮೇಲಿಟ್ಟು ಒತ್ತಿದರೆ ಕ್ಲಿಕ್ ಎಂದು ಕೂರುತ್ತದೆ. ಮೆಲ್ಲಗೆ ಎಳೆದು ಪರೀಕ್ಷಿಸಿ.

5. ದಂಡವನ್ನು ಇಕ್ಕಳದಿಂದ ಹಿಡಿಯಲೇಬಾರದು. ಅದರ ಮೇಲೆ ಬಿದ್ದ ಒಂದು ಗೀರು ಸೀಲನ್ನು ಹರಿದು ಅನಿಲವನ್ನು ಸೋರಿಸುತ್ತದೆ.

6. ಮೊದಲ ಸಲ ಮುಚ್ಚುವಾಗ ಅತಿ ನಿಧಾನವಾಗಿ ಇಳಿಸಿ. ಸ್ಪ್ರಿಂಗ್ ಬ್ಯಾಟರಿಗೋ ಕೊಳವೆಗೋ ತಗಲುತ್ತದೆಯೇ ನೋಡಿ. ಏನಾದರೂ ಅಡ್ಡವಾದರೆ ಅಲ್ಲಿಗೇ ನಿಲ್ಲಿಸಿ. ಬಲವಂತ ಮಾಡಿದರೆ ಬಾಗುವುದು ಬಾನೆಟ್ಟೇ.

7. ಪೂರ್ತಿ ತೆರೆದಾಗ ಬಾನೆಟ್ಟಿನ ಹಿಂದಿನ ಅಂಚು ಗಾಜಿಗಾಗಲಿ ವೈಪರಿಗಾಗಲಿ ತಗಲಬಾರದು. ಮುಚ್ಚಿದಾಗ ಎರಡೂ ಪಕ್ಕದ ಸಂದು ಸಮನಾಗಿರಬೇಕು.

8. ಕೊನೆಯದಾಗಿ ಮುಂದಿನ ಕೊಂಡಿಗಳ ಪರೀಕ್ಷೆ. ಬಾನೆಟ್ಟಿಗೆ ಎರಡು ಕೊಂಡಿಗಳಿರುತ್ತವೆ. ಮೊದಲನೆಯದು ಬಿಟ್ಟರೂ ಎರಡನೆಯದು ಹಿಡಿದಿರಬೇಕು. ಒಳಗಿನ ಹಿಡಿ ಎಳೆದಾಗ ಬಾನೆಟ್ ತುಸು ಎದ್ದು, ಎರಡನೆಯ ಕೊಂಡಿಯಲ್ಲಿ ನಿಲ್ಲುತ್ತದೆಯೇ ಎಂದು ನೋಡದೆ ಕಾರನ್ನು ರಸ್ತೆಗೆ ಇಳಿಸಬೇಡಿ.

ಆಮೇಲಿನ ಆರೈಕೆ ಸುಲಭ. ದಂಡದ ಮೇಲಿನ ಧೂಳನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು. ಗ್ರೀಸ್ ಹಚ್ಚಿದರೆ ಧೂಳು ಅಂಟಿಕೊಂಡು ಸೀಲನ್ನು ಉಜ್ಜುತ್ತದೆ. ಬಾನೆಟ್ ಮೊದಲಿನಷ್ಟು ಮೇಲೇಳದಿದ್ದರೆ, ದಂಡದ ಸುತ್ತ ಎಣ್ಣೆ ಜಿನುಗಿದ್ದರೆ, ಸ್ಪ್ರಿಂಗ್‌ನ ಆಯುಷ್ಯ ಮುಗಿಯಿತೆಂದು ತಿಳಿಯಿರಿ.

ಹಳೆಯ ಸ್ಪ್ರಿಂಗ್ ಬಗ್ಗೆ ಎಚ್ಚರ

ಬಾನೆಟ್ಟನ್ನು ಎತ್ತಲಾರದ ಸ್ಪ್ರಿಂಗ್‌ನಲ್ಲಿ ಅನಿಲವೇ ಇಲ್ಲ ಎಂದು ಭಾವಿಸಬೇಡಿ. 48 ಬೇಕಾದ ಕಡೆ 40 ಸಿಕ್ಕರೂ ಬಾನೆಟ್ ಬೀಳುತ್ತದೆ, ಆದರೆ ಕೊಳವೆಯೊಳಗೆ ಆಗಲೂ ವಾತಾವರಣದ 20 ಪಟ್ಟು ಒತ್ತಡ ಉಳಿದಿರುತ್ತದೆ. ಅದನ್ನು ಗರಗಸದಿಂದ ಕೊಯ್ಯುವುದು, ತೂತು ಮಾಡುವುದು, ಹತ್ತಿರದಲ್ಲಿ ವೆಲ್ಡಿಂಗ್ ಮಾಡುವುದು, ಬೆಂಕಿಗೆ ಎಸೆಯುವುದು ಎಲ್ಲವೂ ಅಪಾಯಕರ. ಬಿಸಿಯಾದ ಕೊಳವೆ ಸಿಡಿದರೆ ಅದರ ದಂಡ ಬಾಣದಂತೆ ಹಾರುತ್ತದೆ. ಗುಜರಿಗೆ ಹಾಕುವ ಮುನ್ನ ಅಂಗಡಿಯವರಿಗೆ ಇದು ಒತ್ತಡದ ಕೊಳವೆ ಎಂದು ಹೇಳಿಯೇ ಕೊಡಿ. ಅಲ್ಲಿ ಲೋಹವನ್ನು ಕತ್ತರಿಸುವವನಿಗೆ ಅದು ಏನೆಂದು ತಿಳಿದಿರಬೇಕು. ಇನ್ನೂ ಒಳ್ಳೆಯದೆಂದರೆ, ಹೊಸದನ್ನು ಕೊಂಡ ಕಡೆ ಅಥವಾ ಸರ್ವೀಸ್ ಕೇಂದ್ರದಲ್ಲಿ ಹಿಂದಿರುಗಿಸುವುದು.

ಮಾಡಿ ನೋಡಿ, ಯೋಚಿಸಿ

ಸೂಜಿಯಿಲ್ಲದ ಹೊಸ ಸಿರಿಂಜೊಂದನ್ನು ತೆಗೆದುಕೊಳ್ಳಿ. ಅದರ ಹಿಡಿಯನ್ನು ಪೂರ್ತಿ ಹೊರಗೆಳೆದು, ತುದಿಯನ್ನು ಬೆರಳಿನಿಂದ ಬಿಗಿಯಾಗಿ ಮುಚ್ಚಿ ಹಿಡಿಯನ್ನು ಒತ್ತಿ. ಒತ್ತಿದಷ್ಟೂ ಗಾಳಿ ಬಿರುಸಾಗುತ್ತದೆ. ಬಿಟ್ಟರೆ ಹಿಡಿ ಹಿಂದಕ್ಕೆ ಬರುತ್ತದೆ. ಅನಿಲ ಸ್ಪ್ರಿಂಗ್‌ನ ಒಳಗೆ ನಡೆಯುವುದನ್ನು ಅಪಾಯವಿಲ್ಲದೆ ಹೀಗೆ ಬೆರಳಿನಲ್ಲೇ ಅನುಭವಿಸಬಹುದು.

ಈಗ ಎರಡು ಪ್ರಶ್ನೆಗಳು. ಒಂದು: ಉಕ್ಕಿನ ಬಾನೆಟ್ ತೆಗೆದು 9 ಕಿಲೋಗ್ರಾಮಿನ ಅಲ್ಯೂಮಿನಿಯಮ್ ಬಾನೆಟ್ ಹಾಕಿದರೆ, ಮೇಲಿನ ಉದಾಹರಣೆಯ ಸ್ಪ್ರಿಂಗ್‌ಗಳನ್ನೇ ಉಳಿಸಿಕೊಳ್ಳಬಹುದೇ? ಎರಡು: ಎರಡು ಸ್ಪ್ರಿಂಗ್‌ನ ಬದಲು ಇಮ್ಮಡಿ ಬಲದ ಒಂದೇ ಸ್ಪ್ರಿಂಗನ್ನು ಒಂದು ಪಕ್ಕಕ್ಕೆ ಹಾಕಿದರೆ ತಿರುಗುಬಲ ಅಷ್ಟೇ ಬರುತ್ತದೆ. ಆದರೂ ಬಾನೆಟ್ಟಿಗೆ ಅದರಿಂದ ಏನು ಕೇಡು? ಕಾಗದ ಪೆನ್ಸಿಲ್ ಹಿಡಿದು ಕುಳಿತರೆ ಉತ್ತರ ನಿಮಗೇ ಹೊಳೆಯುತ್ತದೆ.